ಅಂಗವಿಕಲರ ಸಾಧನ ಸಲಕರಣೆಗೆ ನಮ್ಮ ಝಕಾತ್ ತಲುಪುತ್ತಿದೆಯೇ?

(ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ರಮಝಾನ್‌ಗೆ ಮುನ್ನ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ರಮಝಾನ್ ಸಮೀಪಿಸಿರುವುದರಿಂದ ಝಕಾತ್ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಝಕಾತ್ ಕುರಿತೇ ಮಾತನಾಡುತ್ತೇನೆ. ಆದರೆ ಈ ಸಭೆಗೆ ಬಂದವರನ್ನು ನೆನೆದಲ್ಲ, ಬರಲಾಗದವರನ್ನು ನೆನೆದು. ಇಲ್ಲಿಗೆ ಬರುವಾಗ ಮಸೀದಿಯ ಮೆಟ್ಟಿಲುಗಳನ್ನು ಎಣಿಸಿದೆ, ಏಳು ಇವೆ. ಈ ಏಳು ಮೆಟ್ಟಿಲುಗಳನ್ನು ಏರಲಾರದವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರೆಂದು ನಾಲ್ಕೈದು ಜನರಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳಿದರು. ಊರಿನ ಕುರಿಗಳ ಲೆಕ್ಕವನ್ನು ಇಷ್ಟು ಅನುಮಾನದಿಂದ ಯಾರೂ ಹೇಳಲಾರರು.

ನನ್ನ ತಂದೆಯ ತಮ್ಮನ ಕಥೆಯಿಂದ ಆರಂಭಿಸುತ್ತೇನೆ. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗಾಲು ಸೊರಗಿತ್ತು. ಹೊಲಿಗೆ ಕಲಿತಿದ್ದರು. ಎಡಗಾಲಿನಲ್ಲಿ ಪೆಡಲು ತುಳಿದು ಊರಿನ ಅರ್ಧ ಮಕ್ಕಳಿಗೆ ಹಬ್ಬದ ಅಂಗಿ ಹೊಲಿದವರು ಅವರೇ. ಒಮ್ಮೆ ಪಟ್ಟಣವೊಂದರಲ್ಲಿ ಉಚಿತ ಸಾಧನ ವಿತರಣಾ ಶಿಬಿರ ನಡೆಯಿತು. ಚಾಚಾ ಕೇಳಿದ್ದು ಕ್ಯಾಲಿಪರ್. ಕಾಲಿಗೆ ಕಟ್ಟುವ ಆ ಕಬ್ಬಿಣದ ಆಸರೆಯಿದ್ದರೆ ನಮಾಝಿನಲ್ಲಿ ಸಾಲಿನಲ್ಲಿ ಎಲ್ಲರೊಡನೆ ನಿಲ್ಲಬಹುದೆಂಬ ಆಸೆ ಅವರದು. ಕ್ಯಾಲಿಪರಿಗೆ ಅಳತೆ ತೆಗೆಯಬೇಕು, ಅದಕ್ಕೆ ತಿಳಿದವರು ಬೇಕು. ಲಾರಿಯಲ್ಲಿ ಬಂದಿದ್ದುದು ಮೂರುಗಾಲಿ ಸೈಕಲುಗಳು. ಆದುದರಿಂದ ಅವರಿಗೆ ಮೂರುಗಾಲಿ ಸೈಕಲೇ ದೊರೆಯಿತು. ಕೊರಳಿಗೆ ಹಾರ ಹಾಕಿ ಫೋಟೋ ತೆಗೆದರು. ನಮ್ಮ ಮನೆಯ ಬಾಗಿಲು ಎರಡೂವರೆ ಅಡಿ, ಸೈಕಲು ಅದಕ್ಕಿಂತ ಅಗಲ. ಅದು ಅಂಗಳದಲ್ಲಿಯೇ ಉಳಿಯಿತು. ಮೊದಲ ಮಳೆಗಾಲಕ್ಕೆ ಸರಪಳಿ ತುಕ್ಕು ಹಿಡಿಯಿತು, ಬೇಸಿಗೆಗೆ ಟ್ಯೂಬು ಬಿರುಕು ಬಿಟ್ಟಿತು, ಎರಡನೆಯ ವರ್ಷದಿಂದ ಅದರ ಸೀಟಿನ ಮೇಲೆ ನಮ್ಮ ಕೋಳಿಗಳು ಮಲಗತೊಡಗಿದವು. ದಾಖಲೆಯ ಪ್ರಕಾರ ಚಾಚಾ ಫಲಾನುಭವಿ. ನೆರವು ದೊರೆತವರೆಂದು ಆ ನಂತರದ ಪಟ್ಟಿಗಳಲ್ಲಿ ಅವರ ಹೆಸರು ಬರಲಿಲ್ಲ. ಕೊನೆಯ ದಿನದವರೆಗೂ ಅವರು ಮನೆಯ ಮೂಲೆಯಲ್ಲಿ ಕುಳಿತೇ ನಮಾಝ್ ಮಾಡಿದರು.

ಹಣ ಖರ್ಚಾಗಿತ್ತು. ಖರ್ಚು ಮಾಡಿದವರ ಉದ್ದೇಶವೂ ಕೆಟ್ಟದಾಗಿರಲಿಲ್ಲ. ಆದರೆ ನಿನಗೇನು ಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಈಗ ಸಾವಿರದ ನಾನೂರು ವರ್ಷಗಳ ಹಿಂದಿನ ಒಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅರ್ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯಿದ್ದರು. ಅಜ್ಞಾನ ಕಾಲದಲ್ಲಿ ನಡೆದ ಕುಲಾಬ್ ಎಂಬ ಕಾಳಗದಲ್ಲಿ ಅವರ ಮೂಗು ಕತ್ತರಿಸಿ ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು. ಅದು ಕೊಳೆತು ದುರ್ವಾಸನೆ ಬರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿ ಈ ಹದೀಸನ್ನು ದಾಖಲಿಸಿದ್ದಾರೆ. ಪುರುಷರಿಗೆ ಚಿನ್ನ ನಿಷಿದ್ಧವೆಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ತಿಳಿದಿದೆ. ಆದರೂ ಒಬ್ಬ ವ್ಯಕ್ತಿಯ ದೇಹಕ್ಕೆ ಒಗ್ಗುವ ವಸ್ತು ಅದೊಂದೇ ಎಂದಾದಾಗ ಶರೀಅತ್ ದಾರಿ ತೆರೆಯಿತು. ಬೆಳ್ಳಿಯ ಮೂಗು ಈಗಾಗಲೇ ಇದೆಯಲ್ಲ, ಅದರಲ್ಲೇ ತೃಪ್ತಿಪಟ್ಟುಕೊಳ್ಳಿ ಎಂದು ಅವರಿಗೆ ಹೇಳಲಿಲ್ಲ. ಫಿಕ್ಹ್ ಗ್ರಂಥಗಳಲ್ಲಿ ಹಲ್ಲಿಗೆ ಚಿನ್ನದ ತಂತಿ ಕಟ್ಟುವ ಚರ್ಚೆ ಬಂದಾಗಲೆಲ್ಲ ಈ ಹದೀಸ್ ಬರುತ್ತದೆ. ಮದ್ರಸದಲ್ಲಿ ಓದುವಾಗ ನಾನೂ ಇದನ್ನು ಹಲ್ಲಿನ ಮಸ್‌ಅಲಾ ಎಂದೇ ಓದಿ ಮುಂದೆ ಸಾಗಿದ್ದೆ. ಚಾಚಾರ ಕ್ಯಾಲಿಪರ್ ನೆನಪಾದದ್ದು ಎಷ್ಟೋ ವರ್ಷಗಳ ಬಳಿಕ.

ಇನ್ನೊಂದು ಘಟನೆ ನೀವೆಲ್ಲ ಜುಮುಅ ಖುತ್ಬಾಗಳಲ್ಲಿ ಕೇಳಿರುವಂಥದು. ಅಂಧರಾಗಿದ್ದ ಹಝ್ರತ್ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಪ್ರವಾದಿ(ಸ)ಯವರ ಬಳಿಗೆ ಬಂದಾಗ ಕುರೈಶ್ ನಾಯಕರೊಂದಿಗೆ ಮಾತುಕತೆ ನಡೆಯುತ್ತಿತ್ತು. ಆ ಸಂದರ್ಭದಲ್ಲಿ ಅವರತ್ತ ಗಮನ ಹರಿಯದೆ ಹೋದುದಕ್ಕೆ ಅಲ್ಲಾಹನು ಅಬಸ ಅಧ್ಯಾಯವನ್ನೇ ಅವತೀರ್ಣಗೊಳಿಸಿದನು. ಅದೇ ಅಂಧ ಸಹಾಬಿ ಮುಂದೆ ಮದೀನಾದ ಮುಅದ್ದಿನ್ ಆದರು. ಪ್ರವಾದಿವರ್ಯರು(ಸ) ಪ್ರಯಾಣ ಹೊರಟಾಗ ಹಲವು ಬಾರಿ ನಗರದ ಹೊಣೆಯನ್ನು ಅವರಿಗೇ ವಹಿಸಿದರು. ನನ್ನನ್ನು ಮಸೀದಿಗೆ ಕರೆತರುವವರಿಲ್ಲ, ಮನೆಯಲ್ಲಿಯೇ ನಮಾಝ್ ಮಾಡಬಹುದೇ ಎಂದು ಅಂಧರೊಬ್ಬರು ಕೇಳಿದಾಗ, ಅದಾನ್ ಕೇಳಿಸುತ್ತದೆಯಾದರೆ ಬರಬೇಕು ಎಂಬ ಉತ್ತರ ದೊರೆತ ಹದೀಸೂ ಇದೆ. ಜಮಾಅತಿನ ಮಹತ್ವವನ್ನು ವಿವರಿಸಲು ನಾವು ಅದನ್ನು ಉದ್ಧರಿಸುತ್ತೇವೆ. ಹಾಗಾದರೆ ಅವರನ್ನು ಕರೆತರಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಉಮವೀ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ ಈ ಪ್ರಶ್ನೆಗೆ ಸರಕಾರದ ಖಜಾನೆಯಿಂದ ಉತ್ತರ ಕೊಟ್ಟರು. ಕ್ರಿ.ಶ. 705ರಿಂದ 715ರ ವರೆಗಿನ ಅವರ ಆಳ್ವಿಕೆಯಲ್ಲಿ ಅಂಧರಿಗೆ ದಾರಿ ತೋರುವವರನ್ನೂ ನಡೆಯಲಾಗದವರಿಗೆ ಸೇವಕರನ್ನೂ ನೇಮಿಸಲಾಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಇತರ ವಿಷಯಗಳಲ್ಲಿ ಅವರ ಆಡಳಿತದ ಬಗ್ಗೆ ನಮಗೆ ತಕರಾರುಗಳಿರಬಹುದು, ಅದು ಬೇರೆ ಮಾತು.

ಇತಿಹಾಸವನ್ನು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಭಾಷಣಕಾರರ ಹಳೆಯ ಅಭ್ಯಾಸ. ನಾನು ನಮ್ಮ ಜಿಲ್ಲೆಗೇ ಬರುತ್ತೇನೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೀವೆಲ್ಲ ಬಲ್ಲಿರಿ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಸಂಸ್ಥೆ ಅದು. 1944ರಲ್ಲಿ ಅವರು ತೀರಿಕೊಂಡ ಬಳಿಕ ಅಂಧರೇ ಆಗಿದ್ದ ಪುಟ್ಟರಾಜ ಗವಾಯಿಗಳು 2010ರಲ್ಲಿ ಕೊನೆಯುಸಿರೆಳೆಯುವವರೆಗೂ ಅದನ್ನು ನಡೆಸಿದರು. ನೂರಾರು ಅಂಧ ಮಕ್ಕಳು ಅಲ್ಲಿ ಅನ್ನ ಉಂಡು ಸಂಗೀತ ಕಲಿತು ಸ್ವಂತ ಕಾಲ ಮೇಲೆ ನಿಂತರು. ಇದಕ್ಕೆ ಹಣ ಎಲ್ಲಿಂದ ಬಂತು? ನಾಟಕ ಕಂಪೆನಿ ಕಟ್ಟಿ ಊರೂರು ಸುತ್ತಿ ದುಡಿದರು. ಭಕ್ತರು ಮಾಡಿಸುತ್ತಿದ್ದ ತುಲಾಭಾರದ ನಾಣ್ಯಗಳೆಲ್ಲ ಆಶ್ರಮದ ಪಾಲಾದವು. ಯಾವ ಹಳ್ಳಿಯೂ ತನ್ನ ಪಾಲು ಚಿಕ್ಕದೆಂದು ನಾಚಲಿಲ್ಲ. ಸಂಗೀತದ ಬಗೆಗಿನ ಫಿಕ್ಹೀ ಚರ್ಚೆಗಳನ್ನು ಇಲ್ಲಿ ಎತ್ತಬೇಡಿ, ನಾನು ಹೇಳುತ್ತಿರುವುದು ಹಣ ಕೂಡಿಸಿದ ಬಗೆಯನ್ನು. ಅಂದ ಹಾಗೆ ಪಂಚಾಕ್ಷರಿ ಗವಾಯಿಗಳಿಗೆ ಹಿಂದೂಸ್ತಾನಿ ಸಂಗೀತ ಕಲಿಸಿದವರು ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರು. ಕಿವಿ ಮಂದವಾಗಿದ್ದುದರಿಂದ ಜನ ಅವರನ್ನು ಬೆಹ್ರೆ ವಹೀದ್ ಖಾನ್ ಎಂದೇ ಕರೆಯುತ್ತಿದ್ದರು. ಕಿವಿ ಕೇಳದ ಗುರು, ಕಣ್ಣು ಕಾಣದ ಶಿಷ್ಯ. ಒಬ್ಬರು ಮುಸಲ್ಮಾನರು, ಇನ್ನೊಬ್ಬರು ಲಿಂಗಾಯತರು. ಇಂದು ನಮ್ಮ ಜಿಲ್ಲೆಯ ಹೆಸರು ದೇಶಕ್ಕೆ ಗೊತ್ತಿರುವುದರಲ್ಲಿ ಆ ಇಬ್ಬರದೂ ಪಾಲಿದೆ.

ಹುಬ್ಬಳ್ಳಿಗೆ ಹೋದರೆ ಕಿಮ್ಸ್ ಆಸ್ಪತ್ರೆಯ ಆವರಣದಲ್ಲಿ ಜೈನ ಯುವಕರ ಸಂಘಟನೆಯೊಂದು ನಡೆಸುವ ಮಹಾವೀರ ಕೃತಕ ಕಾಲು ಜೋಡಣಾ ಕೇಂದ್ರವಿದೆ. ಅಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಕಾಲಿಗೆ ಹಣವನ್ನೂ ಕೇಳುವುದಿಲ್ಲ. ಈ ಬಗೆಯ ಕೇಂದ್ರಗಳ ಬೇರು ಇರುವುದು ಜೈಪುರದಲ್ಲಿ. 1968ರ ಸುಮಾರಿಗೆ ಅಲ್ಲಿನ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಸೇರಿ ಜೈಪುರ ಕಾಲನ್ನು ರೂಪಿಸಿದರು. ವಿದೇಶದಿಂದ ಬರುತ್ತಿದ್ದ ಕೃತಕ ಕಾಲುಗಳು ಬೂಟು ಹಾಕಿ ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದಂಥವು. ನಮ್ಮ ಜನ ಬರಿಗಾಲಲ್ಲಿ ಗದ್ದೆಗಿಳಿಯುವವರು, ಕುಕ್ಕರಗಾಲಲ್ಲಿ ಕೂರುವವರು, ನೆಲದ ಮೇಲೆ ಊಟ ಮಾಡುವವರು, ನೆಲದ ಮೇಲೆಯೇ ಪ್ರಾರ್ಥಿಸುವವರು. ಇದನ್ನು ಅರಿತದ್ದೇ ಆ ಕಾಲಿನ ಗುಟ್ಟು. ಹೆಚ್ಚು ಓದಿರದ ರಾಮಚಂದ್ರ ಶರ್ಮಾರಿಗೆ ರಬ್ಬರಿನ ಉಪಾಯ ಹೊಳೆದದ್ದು ಟಯರು ರಿಪೇರಿ ಅಂಗಡಿಯೊಂದರಲ್ಲಿ ನಿಂತಿದ್ದಾಗ ಎಂದು ಹೇಳಲಾಗುತ್ತದೆ. ಟಯರು ಅಂಗಡಿಯ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಇನ್ನು ಸರಕಾರದ ಹಣದ ವಿಷಯ. ಇದರ ಕುರಿತು ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಸರಕಾರ ಏನೂ ಕೊಡುವುದಿಲ್ಲ ಎಂಬುದು ಒಂದು. ಕೊಟ್ಟರೂ ನಮಗೆ ಕೊಡುವುದಿಲ್ಲ ಎಂಬುದು ಇನ್ನೊಂದು.

ಅಡಿಪ್ ಎಂಬ ಕೇಂದ್ರ ಯೋಜನೆ 1981ರಿಂದಲೂ ಇದೆ. ಊರುಗೋಲು, ಕ್ಯಾಲಿಪರ್, ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್ ಸಲಕರಣೆ ಮುಂತಾದವುಗಳಿಗೆ ಅದರಡಿ ನೆರವು ದೊರೆಯುತ್ತದೆ. 2022ರ ಪರಿಷ್ಕರಣೆಯ ಪ್ರಕಾರ ತಿಂಗಳ ಆದಾಯ 22,500 ರೂಪಾಯಿಯವರೆಗಿದ್ದರೆ ಪೂರ್ಣ ವೆಚ್ಚ, 30,000ದವರೆಗಿದ್ದರೆ ಅರ್ಧ ವೆಚ್ಚ. ಅಂಗವಿಕಲತೆ ಶೇ. 40ಕ್ಕಿಂತ ಕಡಿಮೆಯಿರಬಾರದು. ಇಲ್ಲಿ ಕುಳಿತವರಲ್ಲಿ ತಿಂಗಳಿಗೆ 22,500 ದಾಟುವ ಮನೆಗಳೆಷ್ಟಿವೆ, ಹೇಳಿ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೊ ಎಂಬ ಕೇಂದ್ರ ಸರಕಾರದ ಕಾರ್ಖಾನೆ ಈ ಸಾಧನಗಳನ್ನು ತಯಾರಿಸುತ್ತದೆ, ಬೆಂಗಳೂರಿನಲ್ಲಿಯೂ ಅದರ ಘಟಕವಿದೆ. ಅರುವತ್ತು ದಾಟಿದ ಬಡ ವೃದ್ಧರಿಗಾಗಿ 2017ರಿಂದ ವಯೋಶ್ರೀ ಎಂಬ ಬೇರೆಯೇ ಯೋಜನೆಯಿದೆ. ಕೋಲು, ಕನ್ನಡಕ, ಕಟ್ಟು ಹಲ್ಲು, ಶ್ರವಣ ಸಾಧನ ಅದರಲ್ಲಿ ಸೇರಿವೆ. ಶಾಲೆಗೆ ಹೋಗುವ ಮಕ್ಕಳಿಗೆ ಶಿಕ್ಷಣ ಇಲಾಖೆಯ ಸಮಗ್ರ ಶಿಕ್ಷಾ ಯೋಜನೆಯಿದೆ. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿದ್ದರೆ ಮಾತ್ರ ಇದು ದೊರೆಯುತ್ತದೆ. ಕಾಲಿಲ್ಲದ ಮಗುವಿಗೆ ಶಾಲೆ ಯಾಕೆ, ಮಕ್ತಬಿನಲ್ಲಿ ಎರಡು ಸೂರಾ ಕಲಿತರೆ ಸಾಕು ಎಂದು ಕೂರಿಸಿದ ತಂದೆ ತನಗರಿವಿಲ್ಲದೆಯೇ ಆ ಮಗುವಿನ ಗಾಲಿಕುರ್ಚಿಯನ್ನು ನಿರಾಕರಿಸಿರುತ್ತಾನೆ.

ನಿಮ್ಮ ಊರಿನ ಹತ್ತಿರವೇ ಇರುವ ಹಣವೊಂದಿದೆ. ಗ್ರಾಮ ಪಂಚಾಯತಿಯಾಗಲಿ ಪುರಸಭೆಯಾಗಲಿ ತನ್ನ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಪ್ರತಿ ಪಂಚಾಯತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ. ಹೆಚ್ಚಾಗಿ ಅವರೂ ಅಂಗವಿಕಲರೇ. ಅಲ್ಪ ಗೌರವಧನಕ್ಕೆ ದುಡಿಯುವ ಅವರನ್ನು ನಮ್ಮ ಜಮಾಅತಿನ ಸಭೆಗೆ ಎಂದಾದರೂ ಕರೆದಿದ್ದೇವೆಯೇ? ಶಾಸಕರು ಬಂದರೆ ಶಾಲು ಹೊದಿಸುತ್ತೇವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಶೇ. 5 ಎಲ್ಲಿ ಹೋಯಿತು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕಪ್ಪತಗುಡ್ಡದ ಆಸುಪಾಸಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುತ್ತೀರಿ. ನಿವ್ವಳ ಲಾಭ ಐದು ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪೆನಿ ಅದರ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು 2013ರ ಕಂಪೆನಿ ಕಾಯ್ದೆ ಹೇಳುತ್ತದೆ. ಅವುಗಳಿಗೆ ಒಂದು ಅರ್ಜಿ ಬರೆಯಲು ಖರ್ಚಾಗುವುದು ಅಂಚೆ ವೆಚ್ಚ ಮಾತ್ರ.

ಇದು ಯಾರ ದಯೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಎಪ್ರಿಲ್ 19ರಂದು ಜಾರಿಗೆ ಬಂದಿದೆ. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಷ್ಟೇ ಇದ್ದುವು, ಈಗ 21 ಇವೆ. ಆದಾಯ ಮಿತಿಯೊಳಗಿನವರಿಗೆ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವುದು ಅದರ 24ನೇ ಕಲಮಿನಲ್ಲಿ ಸರಕಾರದ ಹೊಣೆಗಳ ಸಾಲಿನಲ್ಲಿದೆ. ಹಾಗೆಂದು ಸರಕಾರವನ್ನು ಹೊಗಳಿ ಕುಳಿತುಕೊಳ್ಳುವಂತಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಯವರು ವಿಕಲಾಂಗ ಎನ್ನುವ ಬದಲು ದಿವ್ಯಾಂಗ ಎನ್ನಬೇಕೆಂದು ಸೂಚಿಸಿದರು. ಒಂದೂವರೆ ವರ್ಷದ ಬಳಿಕ, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದೇ ದಿವ್ಯಾಂಗರ ಗಾಲಿಕುರ್ಚಿಯ ಮೇಲೆಯೂ ಬ್ರೈಲ್ ಸಲಕರಣೆಯ ಮೇಲೆಯೂ ಶೇ. 5 ತೆರಿಗೆ ಬಿತ್ತು. ನಡೆಯುವುದಕ್ಕೂ ಓದುವುದಕ್ಕೂ ತೆರಿಗೆಯೇ ಎಂದು ಅಂಗವಿಕಲರ ಸಂಘಟನೆಗಳು ಬೀದಿಗಿಳಿಯಬೇಕಾಯಿತು. ಹೆಸರು ದಿವ್ಯವಾದ ಮಾತ್ರಕ್ಕೆ ಗಾಲಿ ಉರುಳುವುದಿಲ್ಲ.

ಎಷ್ಟು ಜನರ ಪ್ರಶ್ನೆ ಇದು? 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ, ದೇಶದಲ್ಲಿ 2.68 ಕೋಟಿ. ಅದು ಹಳೆಯ ವರ್ಗೀಕರಣದ ಲೆಕ್ಕ, ನಿಜ ಸಂಖ್ಯೆ ಇನ್ನೂ ದೊಡ್ಡದು. ಯಾವುದಾದರೊಂದು ಸಹಾಯಕ ಸಾಧನದ ಅಗತ್ಯವಿರುವವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು, ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ದಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ಹೇಳಿವೆ. 2021ರಲ್ಲಿ ಆಗಬೇಕಿದ್ದ ನಮ್ಮ ಜನಗಣತಿ 2027ಕ್ಕೆ ನಿಗದಿಯಾಯಿತು. ತಾಯಂದಿರೇ, ಎಣಿಕೆಗೆ ಬಂದವರ ಮುಂದೆ ಮನೆಯ ಮಗಳ ಅಂಗವಿಕಲತೆಯನ್ನು ಮುಚ್ಚಿಡಬೇಡಿ. ಅವಳ ತಂಗಿಯ ಸಂಬಂಧ ಕೂಡಿ ಬರುವುದಿಲ್ಲವೆಂಬ ಭಯ ನಿಮ್ಮದೆಂದು ಬಲ್ಲೆ. ಆದರೆ ಲೆಕ್ಕದಲ್ಲಿಲ್ಲದವಳಿಗೆ ಪಾಲೂ ಇರುವುದಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಹಮ್ಮಿಗಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇಲ್ಲಿ ತುಂಗಭದ್ರೆಗೆ ಬ್ಯಾರೇಜ್ ಕಟ್ಟಿದಾಗ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಹಿನ್ನೀರಿಗೆ ನೆಲ ಕಳೆದುಕೊಂಡರು. ಮಂಜೂರಾದ ಹಣಕ್ಕೂ ಕೈಸೇರಿದ ಹಣಕ್ಕೂ ನಡುವೆ ಎಷ್ಟು ಕಚೇರಿಗಳಿರುತ್ತವೆಂದು ಈ ಭಾಗದವರಿಗೆ ಗೊತ್ತು. ಗಟ್ಟಿಯಾಗಿ ನಡೆಯಬಲ್ಲವರ ಪಾಡೇ ಅದಾದರೆ ನಡೆಯಲಾಗದವರ ಪಾಡೇನು? ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ವೈದ್ಯರ ತಪಾಸಣೆಗೆ ಗದಗಿಗೆ ಹೋಗಬೇಕು. ಆ ವಿಭಾಗದ ವೈದ್ಯರು ಆ ದಿನ ರಜೆಯಲ್ಲಿದ್ದರೆ ಮತ್ತೊಂದು ದಿನ ಹೋಗಬೇಕು. ಇಲ್ಲಿಂದ ಮುಂಡರಗಿಗೆ ಒಂದು ಬಸ್ಸು, ಅಲ್ಲಿಂದ ಗದಗಿಗೆ ಇನ್ನೊಂದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ತಾಯಿಗೆ ಟಿಕೆಟಿಲ್ಲ, ಅಷ್ಟರಮಟ್ಟಿಗೆ ಹಗುರ. ಆದರೆ ಆ ದಿನದ ಕೂಲಿ? ಬೀಡಿಯೋ ಹೊಲಿಗೆಯೋ ಮಾಡಿ ಬದುಕುವ ವಿಧವೆ ಮೂರು ದಿನಗಳ ದುಡಿಮೆ ಬಿಟ್ಟು ಕಚೇರಿ ಸುತ್ತಬಲ್ಲಳೇ? ಚೀಟಿ ಬಂದ ಮೇಲೆ ಆದಾಯ ಪ್ರಮಾಣ ಪತ್ರ, ಆ ಬಳಿಕ ಶಿಬಿರದ ದಿನಾಂಕ, ಅಳತೆ, ಕಾಯುವಿಕೆ. ಸಾಧನಕ್ಕೆ ಯೋಜನೆಯಿದೆ. ಸಾಧನದ ಬಾಗಿಲಿನವರೆಗೆ ನಡೆಸಿಕೊಂಡು ಹೋಗುವವರು ಬೇಕು.

ಸಾಧನ ಕೈಸೇರಿದ ಬಳಿಕದ ಖರ್ಚಿಗೂ ಹಣ ಬೇಕು. ಶ್ರವಣ ಸಾಧನದ ಚಿಕ್ಕ ಬ್ಯಾಟರಿ ಒಂದೆರಡು ವಾರಗಳಲ್ಲಿ ಮುಗಿಯುತ್ತದೆ. ಮಗು ಬೆಳೆದಂತೆ ಕಿವಿಯ ಅಚ್ಚು ಬದಲಾಗಬೇಕು, ಕೃತಕ ಕಾಲು ಗಿಡ್ಡವಾಗುತ್ತದೆ. ಗಾಲಿಕುರ್ಚಿಯ ಬೇರಿಂಗ್ ಸವೆಯುತ್ತದೆ. ಈ ಇನ್ನೂರು ಮುನ್ನೂರು ರೂಪಾಯಿಗಳಿಲ್ಲದೆ ಹತ್ತು ಸಾವಿರದ ಸಾಧನ ಮೂಲೆಗೆ ಸೇರುತ್ತದೆ. ಹುಟ್ಟು ಕಿವುಡಿನ ಮಗುವಿಗೆ ಶಸ್ತ್ರಕ್ರಿಯೆ ಮಾಡಿ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿಗೆ ಲಕ್ಷಗಟ್ಟಲೆ ಬೀಳುತ್ತದೆ, ಅಡಿಪ್ ಯೋಜನೆ ಅದನ್ನೂ ಕೊಡುತ್ತದೆ. ಆದರೆ ಮಗುವಿಗೆ ಐದು ವರ್ಷ ಮೀರಿರಬಾರದು. ನಮ್ಮ ಮನೆಗಳಲ್ಲಿ ನಡೆಯುವುದೇನು? ಇವನ ಅಜ್ಜನೂ ತಡವಾಗಿ ಮಾತನಾಡಿದ್ದ ಎನ್ನುತ್ತೇವೆ. ತಾವೀಝ್ ಕಟ್ಟುತ್ತೇವೆ. ಉರೂಸಿಗೆ ಹರಕೆ ಹೊರುತ್ತೇವೆ. ಆರನೆಯ ವರ್ಷ ಯಾರೋ ಹೇಳಿದರೆಂದು ಆಸ್ಪತ್ರೆಗೆ ಹೋಗುತ್ತೇವೆ. ಶಿಶುವಿನ ಕಿವಿಯ ಪರೀಕ್ಷೆಯನ್ನು ಮೊದಲ ವರ್ಷದಲ್ಲಿಯೇ ಮಾಡಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೇ ಕೆಲಸದಲ್ಲಿ ತೊಡಗಿದೆ. ದುಆ ಖಂಡಿತ ಮಾಡಿ. ದುಆ ಮಾಡುತ್ತಾ ಬಸ್ಸು ಹತ್ತಿ.

ಈ ಬಿಟ್ಟುಹೋದ ಜಾಗಗಳಲ್ಲಿಯೇ ನಮ್ಮ ಝಕಾತ್‌ಗೆ ಕೆಲಸವಿದೆ. ಮದ್ರಸದಲ್ಲಿ ಝಕಾತ್‌ನ ಅಧ್ಯಾಯ ಓದುವಾಗ ಎಷ್ಟು ಒಂಟೆಗಳಿಗೆ ಎಷ್ಟು ಆಡು ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿದ್ದೆವು. ನಮ್ಮ ಜಿಲ್ಲೆಯಲ್ಲಿ ಒಂಟೆ ಕಾಣಬೇಕಾದರೆ ಸರ್ಕಸ್ಸೇ ಬರಬೇಕು. ಬ್ಯಾಟರಿಯ ಲೆಕ್ಕವನ್ನು ನಮಗೆ ಯಾರೂ ಕಲಿಸಲಿಲ್ಲ. ಆದರೆ ಕಲಿಸಿದ ನಿಯಮಗಳಲ್ಲಿಯೇ ಉತ್ತರವಿದೆ. ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ನ ಎಂಟು ಹಕ್ಕುದಾರರನ್ನು ಎಣಿಸಿದೆ. ಅಂಗವಿಕಲರು ಎಂಬ ಪ್ರತ್ಯೇಕ ವರ್ಗ ಅದರಲ್ಲಿಲ್ಲ. ಅಂಗವಿಕಲನಾದ ಮಾತ್ರಕ್ಕೆ ಒಬ್ಬನು ಝಕಾತ್‌ಗೆ ಅರ್ಹನಾಗುವುದಿಲ್ಲ, ಸಿರಿವಂತ ಅಂಗವಿಕಲನು ಸ್ವತಃ ಝಕಾತ್ ಕೊಡಬೇಕು. ಆದರೆ ಬಡವ ಎಂದರೆ ಗುಡಿಸಲಲ್ಲಿರುವವನು ಮಾತ್ರ ಎಂದುಕೊಳ್ಳಬೇಡಿ. ವಾಸದ ಮನೆ, ಉಡುವ ಬಟ್ಟೆ, ಕಸುಬಿನ ಉಪಕರಣ ಇವೆಲ್ಲ ಮೂಲಭೂತ ಅಗತ್ಯಗಳು, ನಿಸಾಬಿನ ಲೆಕ್ಕಕ್ಕೆ ಬರುವುದಿಲ್ಲ. ಸಾಲ ಮತ್ತು ಅಗತ್ಯಗಳನ್ನು ಕಳೆದ ಬಳಿಕ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿಯದವನಿಗೆ ಝಕಾತ್ ಸಲ್ಲುತ್ತದೆ. ಸ್ವಂತ ಮನೆಯಿದ್ದೂ ಮಗನ ಕೃತಕ ಕಾಲಿಗೆ ಹಣವಿಲ್ಲದ ತಂದೆ ನಮ್ಮ ಓಣಿಗಳಲ್ಲಿ ಎಷ್ಟು ಮಂದಿ! ಅವರು ಕೈಚಾಚುವುದಿಲ್ಲ, ಆದುದರಿಂದ ನಾವು ಕೊಡುವುದಿಲ್ಲ.

ಇನ್ನೊಂದು ಮಸ್‌ಅಲಾ. ಸ್ವಂತ ಮಕ್ಕಳಿಗೆ, ಮೊಮ್ಮಕ್ಕಳಿಗೆ, ತಂದೆ ತಾಯಿಗೆ ಝಕಾತ್ ಕೊಡುವಂತಿಲ್ಲ. ಅಣ್ಣ ಬಡವನಾಗಿದ್ದರೆ ಅವನ ಮಗಳಿಗೆ ಕೊಡಬಹುದು. ತಂಗಿಯ ಮಗನಿಗೆ ಕೊಡಬಹುದು. ಅದರಲ್ಲಿ ದಾನದ ಪುಣ್ಯವೂ ಇದೆ, ಸಂಬಂಧ ಜೋಡಿಸಿದ ಪುಣ್ಯವೂ ಇದೆ. ಗಲ್ಫಿನಲ್ಲಿ ದುಡಿಯುವವರು ದೂರದ ಊರುಗಳ ರಸೀದಿ ಪುಸ್ತಕಗಳಿಗೆ ಝಕಾತ್ ಕಳುಹಿಸುತ್ತಾರೆ, ಅವರದೇ ಸೋದರ ಸೊಸೆ ಕಿವಿ ಕೇಳಿಸದೆ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತಿರುತ್ತಾಳೆ.

ಇನ್ನು ಮೂರನೆಯದು ಬಹಳ ಮುಖ್ಯವಾದುದು. ನಮ್ಮ ಹನಫೀ ಫಿಕ್ಹ್‌ನಲ್ಲಿ ಝಕಾತ್ ಸಲ್ಲಬೇಕಾದರೆ ತಮ್ಲೀಕ್ ಆಗಬೇಕು, ಅಂದರೆ ಕೊಟ್ಟ ವಸ್ತುವಿನ ಒಡೆತನ ಪಡೆದವನದಾಗಬೇಕು. ಝಕಾತ್‌ನ ಗಾಲಿಕುರ್ಚಿ ಅವನ ಸ್ವಂತದ್ದು. ಅದರ ಬೆನ್ನಿಗೆ ದಾನಿಯ ಹೆಸರು ಬರೆಯಿಸುವುದು, ವರ್ಷ ಕಳೆದ ಬಳಿಕ ಹಿಂದಕ್ಕೆ ಪಡೆದು ಇನ್ನೊಬ್ಬನಿಗೆ ಕೊಡುವುದು ನಡೆಯುವುದಿಲ್ಲ. ಈ ನಿಯಮ ಎಷ್ಟು ಗೌರವದ್ದೆಂದು ಗಮನಿಸಿ. ಒಡೆಯನಾದವನು ತನಗೆ ಬೇಕಾದುದನ್ನು ಆರಿಸಬಲ್ಲ. ಆದುದರಿಂದ ಲಾರಿಯಲ್ಲಿ ಬಂದುದನ್ನು ಹಂಚುವ ಬದಲು ಅವನನ್ನು ಅಳತೆಗೆ ಕರೆದೊಯ್ಯಿರಿ, ಬೆಲೆಯನ್ನು ಅವನ ಕೈಗೆ ಕೊಡಿ, ಅವನೇ ಕೊಳ್ಳಲಿ. ಬಸ್ ಖರ್ಚನ್ನೂ ಬ್ಯಾಟರಿಯ ಹಣವನ್ನೂ ಹೀಗೆಯೇ ಕೊಡಬಹುದು. ಆದರೆ ಕಾಲು ಮುರಿದವರಿಗೆ ಮೂರು ತಿಂಗಳು ಎರವಲು ಕೊಡುವ ಊರುಗೋಲು, ಮಸೀದಿಯ ಬಾಗಿಲಲ್ಲಿಡುವ ಗಾಲಿಕುರ್ಚಿ, ಮೆಟ್ಟಿಲ ಬದಿಯ ಇಳಿಜಾರು ದಾರಿ, ಜೊತೆಗೆ ಹೋಗುವ ಯುವಕನ ಖರ್ಚು, ಇವು ಝಕಾತ್‌ನಿಂದ ಆಗವು. ಇದಕ್ಕೆ ಸದಕಾ ಬೇಕು, ವಕ್ಫ್ ಬೇಕು. ಸದಕಾದ ಹಣದಲ್ಲಿ ಧರ್ಮ ನೋಡಬೇಕಾಗಿಯೂ ಇಲ್ಲ, ಪಕ್ಕದ ಮನೆಯ ನಿಂಗಪ್ಪಜ್ಜನಿಗೂ ಅದೇ ಊರುಗೋಲು. ಇದು ನನ್ನ ಫತ್ವಾ ಅಲ್ಲ. ವೇದಿಕೆಯಲ್ಲಿ ನನಗಿಂತ ಬಲ್ಲವರಿದ್ದಾರೆ, ಅವರಲ್ಲಿ ವಿಚಾರಿಸಿಕೊಳ್ಳಿ. ಹಾಗೆಯೇ ಗಾಲಿಕುರ್ಚಿಯ ಚಕ್ರ ಒಳಗೆ ಬಂದರೆ ಮಸೀದಿ ಕೊಳೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನೂ ಅವರಲ್ಲಿಯೇ ಕೇಳಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯುವ ಸಂಗತಿಗಾಗಿ ಒಬ್ಬ ಮನುಷ್ಯನನ್ನು ಹೊರಗೆ ನಿಲ್ಲಿಸಿದ ಮಸೀದಿಯನ್ನು ನಾನು ಕಂಡಿದ್ದೇನೆ.

ವಕ್ಫ್ ಎಂದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧ ನಾವು ಮೆರವಣಿಗೆ ಮಾಡಿದೆವು, ನ್ಯಾಯಾಲಯದ ಮೆಟ್ಟಿಲೇರಿದೆವು. ಮಾಡಬೇಕಾದದ್ದೇ. ಆದರೆ ನಮ್ಮ ಕೈಯಲ್ಲಿಯೇ ಇದ್ದ ವಕ್ಫ್ ಮಳಿಗೆಗಳ ಬಾಡಿಗೆಯಲ್ಲಿ ಒಂದು ಊರುಗೋಲನ್ನಾದರೂ ಕೊಂಡಿದ್ದೆವೇ ಎಂದು ಯಾರಾದರೂ ಕೇಳಿದ್ದರೆ ಮೆರವಣಿಗೆಯಲ್ಲಿದ್ದ ಎಷ್ಟು ಮುತವಲ್ಲಿಗಳು ಉತ್ತರಿಸುತ್ತಿದ್ದರು? ಬಾಡಿಗೆಯನ್ನು ಮಾರುಕಟ್ಟೆಯ ದರಕ್ಕೆ ಏರಿಸಿ ಎಂದರೆ ಮಳಿಗೆಯಲ್ಲಿರುವ ನಮ್ಮವರೇ ಮುನಿಯುತ್ತಾರೆ. ಹೆಚ್ಚು ಹೇಳುವುದಿಲ್ಲ, ಇಲ್ಲಿಯೂ ಬಾಡಿಗೆದಾರರಿರಬಹುದು.

ಕೆಲವು ಸಾಧನಗಳಿಗೆ ಹಣವೇ ಬೇಕಾಗಿಲ್ಲ. ಅಂಧರಿಗೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಅದು ಸಂಪೂರ್ಣ ಉಚಿತ, ಕನ್ನಡವನ್ನೂ ಓದುತ್ತದೆ. ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿಯೂ ಅಂಥ ಸೌಲಭ್ಯ ಇದ್ದೇ ಇರುತ್ತದೆ. ಅದನ್ನು ತೆರೆದು ಕಲಿಸಿಕೊಡುವವನು ಬೇಕು, ಅಷ್ಟೇ. ಬಿ.ಎ., ಬಿ.ಕಾಂ. ಮುಗಿಸಿ ಕಟ್ಟೆಯ ಮೇಲೆ ಕೂರುವ ಯುವಕರೇ, ಇದು ನಿಮಗೆ ಹೇಳಿದ ಮಾತು.

ಇನ್ನು ಟಯರು ಅಂಗಡಿಯ ಮಾತಿಗೆ ಬರುತ್ತೇನೆ. ಪಂಕ್ಚರ್ ಹಾಕುವವರೆಂದು ನಮ್ಮನ್ನು ಹಂಗಿಸುವ ರಾಜಕೀಯ ಭಾಷಣಗಳನ್ನು ಕೆಲವು ವರ್ಷಗಳಿಂದ ಕೇಳುತ್ತಿದ್ದೇವೆ. ಕೇಳಿ ನೊಂದಿದ್ದೇವೆ. ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶಾಪು, ಗ್ಯಾರೇಜುಗಳಲ್ಲಿ ನಮ್ಮ ಹುಡುಗರು ಇರುವುದು ನಿಜವೇ. ಜೈಪುರದ ಕಾಲು ಅಂಥ ಅಂಗಡಿಯಲ್ಲಿಯೇ ಹೊಳೆದದ್ದಾದರೆ ಅದರಲ್ಲಿ ನಾಚಿಕೆಯೇನು? ಮೂರುಗಾಲಿ ಸೈಕಲಿನ ಟ್ಯೂಬು, ಸರಪಳಿ, ಬೇರಿಂಗ್, ಮುರಿದ ಕ್ಯಾಲಿಪರಿನ ಬೆಸುಗೆ, ಬಾಗಿಲಿಗೆ ಹಿಡಿಸುವಂತೆ ಗಾಲಿಕುರ್ಚಿಯ ಅಗಲ ಕಡಿಮೆ ಮಾಡುವುದು, ಇವೆಲ್ಲ ಆ ಹುಡುಗರಿಗೆ ಕಷ್ಟವೇ ಅಲ್ಲ. ತಿಂಗಳಿಗೊಂದು ಶುಕ್ರವಾರ ಜುಮುಅ ಬಳಿಕ ಎರಡು ತಾಸು ಮಸೀದಿಯ ಅಂಗಳದಲ್ಲಿ ಪಾನಾ ಹಿಡಿದು ಕುಳಿತರೆ ಸಾಕು. ಯಾರ ಸಾಧನ ಬಂದರೂ ದುರಸ್ತಿ. ಬಿಡಿಭಾಗಗಳ ಖರ್ಚು ಜಮಾಅತಿನ ಸದಕಾ ನಿಧಿಯದು. ನಮ್ಮ ಚಾಚಾರ ಸೈಕಲಿಗೆ ಬೇಕಾಗಿದ್ದುದು ಒಂದು ಟ್ಯೂಬು ಮತ್ತು ಬಾಗಿಲಿನಗಲ ಅಳೆದು ನೋಡುವ ಒಬ್ಬ ಹುಡುಗ.

ಈ ಸಭೆಯಿಂದ ನಾನು ಕೇಳುವುದು ಹೆಚ್ಚೇನಿಲ್ಲ. ದೊಡ್ಡ ಸಂಸ್ಥೆ ಕಟ್ಟಬೇಡಿ. ಕಟ್ಟಿದರೆ ಮೊದಲ ವರ್ಷ ಕಟ್ಟಡಕ್ಕೂ ಎರಡನೆಯ ವರ್ಷ ಅಧ್ಯಕ್ಷರ ಚುನಾವಣೆಗೂ ಹೋಗುತ್ತದೆ. ಒಂದು ವಹಿ ಇಡಿ. ಈ ಊರಿನ ಅಂಗವಿಕಲರ ಹೆಸರು, ವಯಸ್ಸು, ಚೀಟಿ ಇದೆಯೇ ಇಲ್ಲವೇ, ಅವರು ತಾವೇ ಬೇಕೆಂದು ಹೇಳಿದ ಸಾಧನ ಯಾವುದು ಎಂಬುದನ್ನು ಬರೆದಿಡಿ. ಹಿಂದೂ, ಮುಸ್ಲಿಮ್ ಎಂಬ ಕಾಲಮು ಅದರಲ್ಲಿ ಬೇಡ. ಓದು ಬರಹ ಬಲ್ಲ ಇಬ್ಬರು ಯುವಕರು, ಮಹಿಳೆಯರ ಬಳಿ ಹೋಗಲು ಒಬ್ಬ ಯುವತಿ ಮುಂದೆ ಬಂದರೆ ರಮಝಾನ್‌ಗೆ ಮುನ್ನ ವಹಿ ಸಿದ್ಧವಾಗುತ್ತದೆ. ಗದಗಿಗೆ ಮೊದಲ ತಂಡವನ್ನು ಕರೆದೊಯ್ಯುವ ದಿನ ನಾನೂ ಜೊತೆಗೆ ಬರುತ್ತೇನೆ, ಅರ್ಜಿ ಬರೆಯುವ ಕೆಲಸ ನನ್ನದು. ಇಶಾ ನಮಾಝಿಗೆ ಇನ್ನು ಇಪ್ಪತ್ತು ನಿಮಿಷಗಳಿವೆ. ಅಲ್ಲಿಯವರೆಗೆ ಕೆಳಗೆ, ಮೆಟ್ಟಿಲ ಬುಡದಲ್ಲಿ, ಪೆನ್ನು ಹಿಡಿದು ಕುಳಿತಿರುತ್ತೇನೆ. ಹೆಸರು ಬರೆಸುವವರು ಅಲ್ಲಿಗೆ ಬನ್ನಿ.